ಮಾಸ್ತರರು ಬಿಟ್ಟ ಅರ್ಧ ಪುಟ

ಬೆಳಿಗ್ಗೆ ನೀರು ಬಂತು, ಎರಡು ಹಂಡೆ ತುಂಬಿಸಿದೆ. ಶೇಂಗಾ ಹುರಿದು ಸಿಪ್ಪೆ ತೆಗೆದೆ. ಯಜಮಾನರ ಬಿಪಿ ಗುಳಿಗೆ ತಂದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಟ್ರಂಕು ಖಾಲಿ ಮಾಡಿ ಒರೆಸಿದೆ. ಅದರ ತಳದಲ್ಲಿ ಒಂದು ನೋಟುಬುಕ್ಕು ಸಿಕ್ಕಿತು. ತೆರೆದ ಕೂಡಲೇ ತಂಬಾಕಿನ ಘಾಟು ಮೂಗಿಗೆ ಹತ್ತಿ ಸೀನು ಬಂತು. ಹುಳ ಹಿಡಿಯಬಾರದೆಂದು ಪುಟಗಳ ನಡುವೆ ತಂಬಾಕಿನ ಎಲೆ ಇಡುವುದು ಎದುರು ಮನೆಯ ಮಾಸ್ತರರ ಪದ್ಧತಿ. ನಮ್ಮ ನಿಪ್ಪಾಣಿಯಲ್ಲಿ ಆ ಎಲೆಗೇನು ಬರ? ಅವರು ತೀರಿ ಹೋಗಿ ಎರಡು ವರ್ಷವಾಯಿತು. ಘಾಟು ಇನ್ನೂ ಹೋಗಿಲ್ಲ...

ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆಗಿದ್ದರು. ಇಪ್ಪತ್ತು ವರ್ಷ ಒಂದೇ ಪುಸ್ತಕ ಬರೆದರು. ಕೈ ನಡುಗಲು ಶುರುವಾದ ಮೇಲೆ ಶುದ್ಧಪ್ರತಿ ಮಾಡುವ ಕೆಲಸ ನನಗೆ ಬಂತು. ನನ್ನ ಅಕ್ಷರ ದುಂಡಗಿದ್ದದ್ದೇ ಅರ್ಹತೆ. ನಾಲ್ಕು ಗಂಟೆಯ ಚಹಾ ಮುಗಿಸಿ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ.

ಹಳಬರು ಜಗತ್ತಿಗೆಲ್ಲ ಒಂದೇ ಕಥೆ ಸಾಕು ಎಂದರಂತೆ. ಈಚಿನವರು ಅಂಥ ದೊಡ್ಡ ಕಥೆಯೇ ಸುಳ್ಳು, ಅವರವರು ನಿಂತ ಜಾಗದಿಂದ ಕಂಡಷ್ಟೇ ನಿಜ ಎಂದರಂತೆ. ಮಾಸ್ತರರಿಗೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಆಸೆ. ದೇಹ, ಮನಸ್ಸು, ಊರು, ವಿಜ್ಞಾನ, ದೇವರು, ಯಾವುದನ್ನೂ ಹೊರಗೆ ಹಾಕದ ವಿಚಾರವೊಂದು ಬೇಕು ಎನ್ನುತ್ತಿದ್ದರು. ಅದಕ್ಕೆ ಸಮಗ್ರ ದರ್ಶನ ಎಂದು ಹೆಸರಿಟ್ಟಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಬರೀ ಅಕ್ಷರವಾಗಿ ಕೈಯಿಂದ ದಾಟಿ ಹೋಗುತ್ತಿತ್ತು.

ಪ್ರತಿ ಅಧ್ಯಾಯದ ಕೊನೆಗೆ ಮಾತ್ರ 'ಇದರ ಮುಂದೆ ನನಗೆ ತಿಳಿಯದು' ಎಂದು ಬರೆದು, ಅರ್ಧ ಪುಟ ಖಾಲಿ ಬಿಡುತ್ತಿದ್ದರು. ಹನ್ನೆರಡು ಅಧ್ಯಾಯಕ್ಕೂ ಹಾಗೆಯೇ.

"ಕಾಗದ ದಂಡ ಆಗ್ತೈತಲ್ರಿ ಸರ್?" ಎಂದು ಒಮ್ಮೆ ಕೇಳಿದೆ.

"ಎಲ್ಲಾ ಕೂಡಸ್ತೇನಿ ಅಂತ ಹೊಂಟಾವ ನಾನು. ಗೊತ್ತಿಲ್ಲದ್ದೂ ಅದರಾಗ ಬರಬೇಕಲ್ಲ ತಂಗೀ? ಅದಕ್ಕೂ ಕೂಡಾಕ ಒಂದೀಟು ಜಾಗಾ ಬೇಕು." ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಬ್ಯಾರೆ ಏನ್ ಹೋದ್ರೂ ಹೋಗಲಿ, ಇದೊಂದು ಹೋಗಬಾರದು ನೋಡ. ಮುಂದ ಬರೂ ಯಂತ್ರಕ್ಕ ಎಲ್ಲಾ ಹೇಳಾಕ ಬರತೈತಿ. ಗೊತ್ತಿಲ್ಲ ಅಂತ ಸುಮ್ನ ಕೂಡಾಕ ಬರೂದಿಲ್ಲ. ಅದರ ಸಂಗಾಟ ಇದ್ದೂ ಇದ್ದೂ ನಮಗೂ ಮರತ ಹೋಗತೈತಿ."

ಮುಂದೆ ಲಕ್ವಾ ಹೊಡೆದು ಅವರ ಮಾತು ನಿಂತಿತು. ಕಣ್ಣು ಮುಚ್ಚುವುದರೊಳಗೆ ಪುಸ್ತಕ ಕೈಗೆ ಕೊಡಬೇಕೆಂದು ಅವರ ತಮ್ಮ ಗಡಿಬಿಡಿ ಮಾಡಿದರು. ಬರೆದದ್ದನ್ನು ಪ್ರೆಸ್ಸಿಗೆ ಒಯ್ದವಳು ನಾನು.

ಪ್ರೆಸ್ಸಿನವನು ವಾರ ಬಿಟ್ಟು ಕರೆಸಿದ. "ವೈನೀ, ಇದೇನ್ರಿ, ಅಲ್ಲಲ್ಲೆ ಹಲ್ಲ ಬಿದ್ದ ಬಾಯಿ ಆಗೇತಿ! ಮಂದಿ ನನಗ ಬೈತಾರ. ಸರ್ ಬರದದ್ದಷ್ಟೂ ಕಂಪ್ಯೂಟರಿಗೆ ತಿನಿಸೇನಿ, ಥೇಟ್ ಅವರಂಗ ಬರದ ಕೊಡತೈತಿ. ತುಂಬಸ್ಲೇನ್ರಿ?"

ಯಂತ್ರ ಬರೆದದ್ದನ್ನು ಓದಿ ನೋಡಿದೆ. ಅವರದೇ ಗತ್ತು, ಅವರದೇ ಶಬ್ದ. ಮಾಸ್ತರರ ಮಾತು ನೆನಪಿರಲಿಲ್ಲವೆಂದಲ್ಲ. ಆದರೆ ಬೀಗರ ತಾಟಿನಲ್ಲಿ ಮೂಲೆ ಖಾಲಿ ಕಂಡರೆ ನನ್ನ ಕೈ ತಾನಾಗಿಯೇ ಚಟ್ನಿಯ ಕಡೆ ಹೋಗುತ್ತದೆ. ಮಲಗಿದ ಮನುಷ್ಯ, ಪುಸ್ತಕ ತುಂಬಿಕೊಂಡು ಬಂದರೆ ಖುಷಿಪಟ್ಟಾರು ಅಂದುಕೊಂಡೆ. "ತುಂಬಸ್ರಿ, ಚಂದ ಕಾಣತೈತಿ" ಅಂದೆ. ತಿಳಿಯದು ಎಂಬ ಹನ್ನೆರಡು ಸಾಲುಗಳನ್ನೂ ನಾನೇ ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ.

ಪುಸ್ತಕ ಬಂದ ದಿನ ಮಂಚದ ಹತ್ತಿರವೇ ನಿಂತಿದ್ದೆ. ಅವರು ಎಡಗೈಯಿಂದ ಪುಟ ತಿರುಗಿಸಿದರು. ಮೊದಲ ಅಧ್ಯಾಯದ ಕೊನೆಗೆ ಬಂದು ನಿಂತರು. ಪುಟದ ಕೆಳಗಿನ ಅರ್ಧದ ಮೇಲೆ ಅಂಗೈಯಿಟ್ಟು, ದಿಂಬಿನ ಪಕ್ಕ ಕನ್ನಡಕ ಹುಡುಕುವವರ ಹಾಗೆ ಸವರಿದರು. ಎರಡನೆಯದು, ಮೂರನೆಯದು... ಹನ್ನೆರಡನ್ನೂ ಸವರಿದರು. ಆಮೇಲೆ ನನ್ನನ್ನು ನೋಡಿದರು.

"ಅಣ್ಣಗ ಭಾಳ ಖುಷಿ ಆಗೇತಿ, ಕಣ್ಣಾಗ ನೀರ ಬಂದಾವ ನೋಡ್ರಿ" ಅಂದರು ತಮ್ಮ.

"ಹೌದ್ರಿ" ಅಂದೆ.

ತಿಂಗಳೊಳಗೆ ಹೋದರು. ಪುಸ್ತಕ ಆಯಿತಲ್ಲ ಎಂದು ಅವರ ನೋಟುಬುಕ್ಕುಗಳೂ ನನ್ನ ಶುದ್ಧಪ್ರತಿಯೂ ರದ್ದಿಗೆ ಹೋದವು. 'ನಾಳಿನ ಮನುಷ್ಯ' ಎಂಬ ಕೊನೆಯ ಅಧ್ಯಾಯದ, ನಕಲಿಗೆಂದು ಮನೆಗೆ ತಂದಿದ್ದ ಈ ಒಂದು ನೋಟುಬುಕ್ಕು ಮಾತ್ರ ನನ್ನ ಟ್ರಂಕಿನಲ್ಲಿ ಉಳಿದಿತ್ತು.

ಮಧ್ಯಾಹ್ನ ನೋಟುಬುಕ್ಕಿನ ಪಕ್ಕ ಅಚ್ಚಿನ ಪುಸ್ತಕವನ್ನು ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕುಳಿತೆ. ಕೊನೆಯ ಅಧ್ಯಾಯದಲ್ಲಿ, ಅವರು ನಿಂತ ಜಾಗದಲ್ಲಿ, ಒಂದು ಗೆರೆ ಎಳೆದೆ. ಉಳಿದ ಹನ್ನೊಂದರಲ್ಲಿ ಎಳೆಯಲು ಬರಲಿಲ್ಲ. ಒಂದೊಂದು ಅಕ್ಷರವನ್ನೂ ಕೈಯಾರೆ ಬರೆದವಳು ನಾನು. ಅವರು ಎಲ್ಲಿ ನಿಂತರು, ಯಂತ್ರ ಎಲ್ಲಿಂದ ಹೊರಟಿತು, ನನಗೇ ಗೊತ್ತಾಗಲಿಲ್ಲ. ಇನ್ನು ಬೇರೆ ಯಾರಿಗೆ ಗೊತ್ತಾದೀತು...

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು ಚೇಷ್ಟೆ ಮಾಡಿದರು. "ಇವತ್ತ ಏನ್ ಓದಾಕತ್ತಿದ್ದಿ, ಪರೀಕ್ಷಾಕ್ಕ ಕೂಡಾಕಿ ಏನ? ಮಾಸ್ತರ್ರು ಕಡೀಕ ಏನಂತ ಬರದಾರ?"

"ಮನುಷ್ಯನೂ ಯಂತ್ರವೂ ಕೈ ಹಿಡಿದು ನಡೆದರೆ ನಾಳೆ ಬೆಳಕಾಗುತ್ತದೆ." ಬಾಯಿಪಾಠ ಒಪ್ಪಿಸಿದ ಹಾಗೆ ಅದೇ ಬಂತು. ಪೆನ್ಸಿಲ್ ಗೆರೆಯ ಕೆಳಗಿನ ಸಾಲು.

"ಎಷ್ಟ ಛಲೋ ಹೇಳ್ಯಾರ ನೋಡ" ಅಂದರು. ನಾನು ತಿದ್ದಲಿಲ್ಲ.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಅವರ ತಾಟಿನ ಮೂಲೆ ಖಾಲಿ ಕಂಡು ಶೇಂಗಾ ಚಟ್ನಿ ಹಾಕಿದೆ. ಅವರು ಮೊದಲು ಮಲಗಿದರು, ನಾನಿನ್ನೂ ಇದನ್ನು ಬರೆಯುತ್ತ ಕುಳಿತಿದ್ದೇನೆ.