ಹಿತ್ತಲ ಖೋಲಿಯ ಮೂರು ದಿನ

ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ನಾನು ಆ ಮನೆಯ ಪದ್ಧತಿಯೊಂದನ್ನು ನಿಲ್ಲಿಸಿದೆ. ಆಗ ಅದು ನನ್ನ ಗೆಲುವು ಅಂತಲೇ ಅಂದುಕೊಂಡಿದ್ದೆ.

ನನ್ನ ತವರು ಚಿಕ್ಕೋಡಿ. ಅಪ್ಪ ನೌಕರಿಯಲ್ಲಿದ್ದರು, ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ಮುಟ್ಟಾದವರು ದೂರ ಕೂಡಲು ಜಾಗವೇ ಇರಲಿಲ್ಲ, ಅಮ್ಮ ಅದನ್ನೆಲ್ಲ ಮಾಡುತ್ತಲೂ ಇರಲಿಲ್ಲ. ಗಂಡನ ಮನೆ ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು, ನಾಲ್ಕು ಎಮ್ಮೆ. ಮನೆಯಲ್ಲಿ ಅತ್ತೆ, ತೀರಿಹೋದ ಮಾವನ ಮುದುಕಿ ಅಕ್ಕ, ಭಾವ, ಭಾವನ ಹೆಂಡತಿ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನಾವಿಬ್ಬರು. ಭಾವನ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆದೆ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಮಾತು ಕಡಿಮೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮೊದಲ ಸಲ ಹೊರಗಾದಾಗ ಅತ್ತೆ ಹಿತ್ತಲ ಕಡೆ ಕೈ ಮಾಡಿದರು. ಎಮ್ಮೆ ಕಟ್ಟುವ ಜಾಗದ ಪಕ್ಕ ಒಂದು ಸಣ್ಣ ಖೋಲಿ. ಒಳಗೆ ಚಾಪೆ, ಎರಡು ಕೌದಿ, ಒಂದು ತಾಟು, ಒಂದು ತಂಬಿಗೆ. ನಾನು ಬಾಗಿಲಲ್ಲೇ ನಿಂತೆ.

"ಅತ್ತಿ, ಸಾಲ್ಯಾಗ ಹುಡುಗ್ಯಾರಿಗೆ ಇದು ಮೈಲಿಗಿ ಅಲ್ಲ ಅಂತ ನಾನ ಪಾಠ ಹೇಳ್ತೀನ್ರಿ. ಮನಿಗೆ ಬಂದು ನಾನ ಇಲ್ಲಿ ಕುಂತರ ಹೆಂಗ್ರಿ?"

ಎರಡು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡಲಿಲ್ಲ. ನನ್ನ ಗಂಡ ನನ್ನ ಪರವಾಗಿ ನಿಂತರು. ಮೂರನೇ ದಿನ ಅತ್ತೆ ಕಟ್ಟೆಯ ಮೇಲೆ ಕೂತು ಹೇಳಿದರು, "ಆತು. ಆದ್ರ ಒಂದ ಮನ್ಯಾಗ ಎರಡ ನಿಯಮ ಬ್ಯಾಡ. ಇಕಿ ಒಳಗ ಇರೋದಾದ್ರ ಅಕಿನೂ ಒಳಗ."

ಅಕ್ಕನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಖೋಲಿಗೆ ಹೋಗಿ ತನ್ನ ಕೌದಿ ಮಡಚಿಕೊಂಡು ಬಂದಳು. "ಇನ್ನ ನಿಮಗೂ ಆ ತ್ರಾಸ ಇಲ್ಲ ನೋಡ್ರಿ ಅಕ್ಕಾ" ಅಂದೆ. "ಹೌದಲ್ಲ" ಅಂತ ನಕ್ಕಳು. ಒಂದು ವಾರದೊಳಗೆ ಭಾವ ಆ ಖೋಲಿಯಲ್ಲಿ ಗೊಬ್ಬರದ ಚೀಲ, ಹನಿ ನೀರಾವರಿಯ ಪೈಪು ಒಟ್ಟಿದರು.

ನಾಲ್ಕು ವರ್ಷ ಹೋದವು. ನಾನು ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುವುದು. ಆ ನಡುವಿನ ಮನೆಯೆಲ್ಲ ಅಕ್ಕನದು. ಕೆಲವು ದಿನ ಅವಳು ಒಲೆಯ ಮುಂದೆ ಒಂದು ಕೈ ಗೋಡೆಗೆ ಕೊಟ್ಟು ನಿಂತಿರುತ್ತಿದ್ದಳು. ಏನಾಯ್ತು ಅಂದರೆ "ಏನಿಲ್ಲ, ನಡಾ" ಅನ್ನುತ್ತಿದ್ದಳು. ಸೊಂಟ ನೋವು ಯಾರಿಗಿಲ್ಲ ಅಂತ ನಾನು ಬಟ್ಟೆ ಬದಲಿಸಲು ಹೋಗುತ್ತಿದ್ದೆ. ಒಮ್ಮೆ ಕೊತ್ತಂಬರಿ ಸೋಸುತ್ತ ಕೇಳಿದಳು, "ಆ ಖೋಲ್ಯಾಗಿನ ಚೀಲ ಯಾವಾಗ ತಗೀತಾರಂತ?" ಯಾಕೆ ಅಂದೆ. "ಸುಮ್ಮ ಕೇಳಿದೆ" ಅಂದಳು. ನಾನು ಅಲ್ಲಿಗೇ ಬಿಟ್ಟೆ.

ಆ ವರ್ಷ ದ್ರಾಕ್ಷಿ ಚಾಟ್ನಿ ನಡೆದಿತ್ತು. ಬಳ್ಳಿ ಕತ್ತರಿಸುವ ಆ ವಾರ ತೋಟಕ್ಕೆ ಹದಿನಾರು ಆಳು ಬರುತ್ತಿದ್ದರು. ಅಷ್ಟೂ ಜನರ ಊಟ ಮನೆಯಿಂದಲೇ ಹೋಗಬೇಕು. ಒಂದು ಸಂಜೆ ಶಾಲೆಯಿಂದ ಬಂದು ಅಡುಗೆಮನೆಗೆ ಕಾಲಿಟ್ಟರೆ ಅಕ್ಕ ಒಲೆಯ ಪಕ್ಕ ನೆಲದ ಮೇಲೆ ಮಲಗಿದ್ದಳು. ಸೀರೆ ಹಿಂದೆಲ್ಲ ರಕ್ತದಲ್ಲಿ ನೆನೆದಿತ್ತು. ಹಂಚಿನ ಮೇಲೆ ಒಂದು ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು.

ಒಲೆ ಆರಿಸಿ, ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಮೈಗೆ ಬಿಸಿನೀರು ಹಾಕಿ ಸೀರೆ ಬದಲಿಸಿದೆ. ಅವಳ ಕೈ ತಣ್ಣಗಿತ್ತು.

"ಹಿಂಗ ಎಷ್ಟ ದಿನದಿಂದ ಹೊಂಟೈತಿ ಅಕ್ಕಾ?"

"ಮೊದಲಿಂದನೂ ನನಗ ಭಾಳ ಹೋಗತಿತ್ತ. ಆವಾಗ ಮಲಗತಿದ್ದೆ, ತಡೀತಿತ್ತ."

"ಆವಾಗ ಅಂದ್ರ?"

"ಖೋಲ್ಯಾಗ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆ ಮೂರ ದಿನ ನಂದ ಸೂಟಿ ಇತ್ತ. ಯಾರೂ ಕೆಲಸ ಹೇಳತಿದ್ದಿಲ್ಲ, ಮುಟ್ಟತಿದ್ದಿಲ್ಲ. ಎಮ್ಮಿ ಮೆಲಕ ಹಾಕೋದ ಕೇಳಕೋತ ಮಲಗತಿದ್ದೆ. ಲಗ್ನ ಆದಮ್ಯಾಲ ನಾ ಹಗಲ ಹೊತ್ತ ಮಲಗಿದ್ದ ಅಂದ್ರ ಅಲ್ಲೇ."

"ನಂಗ್ಯಾಕ ಹೇಳಲಿಲ್ಲ?"

"ನೀ ಸಾಲಿ ಕಲತಾಕಿ. ನಮ್ಮ ಛಲೋಕ್ಕ ಮಾಡಿರ್ತಿ ಅಂದಕೊಂಡೆ."

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ನಿಜವಾಗಿ ಹಾಗೆಯೇ ಅಂದುಕೊಂಡಿದ್ದಳು. ನಾನು ಅವಳ ಸೀರೆಯನ್ನು ತಣ್ಣೀರಲ್ಲಿ ನೆನೆಹಾಕಿದೆ.

ಮರುದಿನ ಅತ್ತೆಯ ಹತ್ತಿರ ಕೂತು ಕೇಳಿದೆ, ಮೈಲಿಗೆಯ ಮಾತು ಬೇಡ, ಆದರೆ ಆ ದಿನಗಳಲ್ಲಿ ಅಕ್ಕ ಮಲಗಲಿ ಅಂತ. ಅತ್ತೆ ಕಾಳು ಆರಿಸುವುದನ್ನು ನಿಲ್ಲಿಸದೆ ಹೇಳಿದರು, "ಮೈಲಿಗಿ ಇಲ್ಲ ಅಂದಾಕಿ ನೀನ. ಮೈಲಿಗಿ ಇಲ್ಲದಾಕಿ ಯಾಕ ಮಲಗಬೇಕ? ನಾನೂ ತಿಂಗಳ ತಿಂಗಳ ಮೂರ ದಿನ ಮಲಗೀನಿ. ಅದಕ್ಕ ಇಲ್ಲೀತನಕ ಬದುಕೀನಿ."

"ಹಂಗಾದ್ರ ಖೋಲ್ಯಾಗಿನ ಚೀಲ ತಗಸೋಣ್ರಿ. ಅಕ್ಕ ಹೊರಗ ಕುಂದ್ರಲಿ. ನಾನೂ ಕುಂದರ್ತೀನಿ."

ಇದನ್ನು ಹೇಳುವಾಗ ನನ್ನ ಒಂಬತ್ತನೇ ತರಗತಿಯ ಹುಡುಗಿಯರ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿದೆ. ಅತ್ತೆ ಈಗ ತಲೆ ಎತ್ತಿ ನನ್ನನ್ನು ನೋಡಿದರು.

"ಮತ್ತ ರೊಟ್ಟಿ ಯಾರ ಬಡೀತಾರ? ಆವಾಗ ನಿಮ್ಮ ಮಾವನ ಅಕ್ಕ ಇದ್ದಳ. ಗಂಡನ್ನ ಕಳಕೊಂಡು ಇಲ್ಲೇ ಇದ್ದಾಕಿ. ಆ ಮೂರೂ ದಿನ ಒಲಿ ಅಕೀದ. ಅಕಿ ತೀರಿಕೊಂಡು ಮೂರ ವರ್ಷಾತು. ನನ್ನ ಮೊಣಕಾಲ ನೀನ ನೋಡಾಕತ್ತಿ."

ಆ ಮುದುಕಿಯನ್ನು ನಾನು ಕಂಡಿದ್ದೆ. ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವಳು. ಉಳಿದ ಹೆಂಗಸರು ಮಲಗಿದ್ದು ಅವಳು ಎದ್ದಿದ್ದರಿಂದ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಕೊನೆಗೆ ಉಳಿದದ್ದು ನಾನು ಮತ್ತು ಅಕ್ಕ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕನ ದಿನಕ್ಕೆ ಕೆಂಪು ಚುಕ್ಕೆ, ನನ್ನದಕ್ಕೆ ನೀಲಿ ಚುಕ್ಕೆ ಇಟ್ಟೆವು. ಖಾರ ಕುಟ್ಟಿಸುವುದು, ಕೌದಿ ಒಗೆಯುವುದು, ಹಿಟ್ಟು ಬೀಸಿಸಿ ತರುವುದು ಇವೆಲ್ಲ ಚುಕ್ಕೆಗೆ ಮುಂಚೆಯೇ ಮುಗಿಸುವುದು. ಕೆಂಪು ಚುಕ್ಕೆಯ ದಿನ ನಾನು ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ಪಲ್ಯ ಮಾಡಿಟ್ಟು ಬಸ್ಸು ಹಿಡಿಯುವುದು. ಎರಡು ತಿಂಗಳು ನಡೆಯಿತು. ಒಂದು ಸಂಜೆ ಬಂದಾಗ ಅಕ್ಕ ನಡುಮನೆಯಲ್ಲಿ ನಿದ್ದೆಯಲ್ಲಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸಪ್ಪಳ ಮಾಡದೆ ಒಳಗೆ ಹೋದೆ.

ಮೂರನೇ ತಿಂಗಳಿಂದ ಅವಳ ಮೈ ಚುಕ್ಕೆಯ ಮಾತು ಕೇಳಲಿಲ್ಲ. ಹದಿನೈದು ದಿನಕ್ಕೆ ಬಂತು, ಆಮೇಲೆ ಹನ್ನೆರಡಕ್ಕೆ, ಆಮೇಲೆ ನಿಲ್ಲಲೇ ಇಲ್ಲ. ಕ್ಯಾಲೆಂಡರಿನ ಒಂದು ಹಾಳೆಯೆಲ್ಲ ಕೆಂಪಾಯಿತು. ನನ್ನ ಚುಕ್ಕೆಯೂ ಅದರೊಳಗೇ ಬಿತ್ತು. ಹೊಟ್ಟೆ ಹಿಡಿದುಕೊಂಡು ರೊಟ್ಟಿ ಬಡಿದು, ಶಾಲೆಯಲ್ಲಿ ಐದು ತಾಸು ನಿಂತು ಬಂದ ದಿನ ನಾನೇ ಅಕ್ಕನ ಮೇಲೆ ಸಿಡುಕಿದೆ, "ಇವತ್ತರ ಎಮ್ಮಿ ಹಿಂಡಬೇಕಿತ್ತಲ್ಲ." ಅವಳು ಎದ್ದು ಹಾಲಿನ ಬಕೆಟ್ಟು ತೆಗೆದುಕೊಂಡು ಹೋದಳು. ನಾನು ತಡೆಯಲಿಲ್ಲ.

ಕೊನೆಗೆ ಅಥಣಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಗರ್ಭಕೋಶದಲ್ಲಿ ಗಡ್ಡೆ ಐತಿ, ರಕ್ತ ಭಾಳ ಕಡಿಮೆ ಆಗೈತಿ ಅಂದರು. ಇನ್ನೂ ಮುಂಚೆ ಬರಬೇಕಿತ್ತು ಅಂತಲೂ ಅಂದರು. ರಕ್ತ ಹಾಕಿಸಿ, ಮಿರಜಿನ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿದರು. ಭಾವ ಸಹಿ ಮಾಡಿದರು. ಅಕ್ಕನಿಗೆ ಆಗ ಮೂವತ್ತೊಂಬತ್ತು.

ಆರು ವಾರ ಮಲಗಬೇಕು ಅಂತ ಹೇಳಿ ಕಳಿಸಿದರು. ಮೂರು ವಾರ ಮಲಗಿದಳು. ಅತ್ತೆ ಮೊಣಕಾಲು ಎಳೆಯುತ್ತ ಅವಳಿಗೆ ಗಂಜಿ ತಂದು ಕೊಡುತ್ತಿದ್ದರು, ಅದು ಸುಳ್ಳಲ್ಲ. ನಾಲ್ಕನೇ ವಾರ ದ್ರಾಕ್ಷಿ ಕೊಯ್ಲು ಬಂತು, ಅಕ್ಕ ಎದ್ದಳು.

ಈಗ ಅವಳಿಗೆ ರಕ್ತ ಹೋಗುವುದಿಲ್ಲ, ನೋವಿಲ್ಲ, ಕ್ಯಾಲೆಂಡರೂ ಬೇಡ. "ಈಗ ಅಕಿ ಆರಾಮ ಅದಾಳ" ಅಂತಾರೆ ಮನೆಯಲ್ಲಿ. ತಿಂಗಳ ಮೂವತ್ತು ದಿನವೂ ಅವಳು ಕೆಲಸಕ್ಕೆ ಸಿಗುತ್ತಾಳೆ.

ನೌಕರಿ ಮಾಡುವ ಹೆಂಗಸರಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆ ಅಂತ ಸರಕಾರ ಹೇಳಿದಾಗ ನಾನು ಅಕ್ಕನಿಗೆ ಓದಿ ಹೇಳಿದೆ. "ಛಲೋ ಆತು, ತಗೋ" ಅಂದಳು. ಆಮೇಲೆ, ಕೇಳಬೇಕೋ ಬೇಡವೋ ಅನ್ನುವ ಹಾಗೆ, "ಮನ್ಯಾಗ ಇರೋರಿಗೆ ಏನೂ ಇಲ್ಲೇನ?" ಅಂದಳು. ಇಲ್ಲ ಅಂದೆ.

ಹೋದ ತಿಂಗಳು ಆ ರಜೆ ಹಾಕಿ ಮನೆಯಲ್ಲಿದ್ದೆ. ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಅಕ್ಕ ಕಸಿದುಕೊಂಡಳು. "ನೀ ಹೋಗಿ ಮಲಕೊ. ನಂಗೇನೀಗ, ಏನೂ ಇಲ್ಲ." ಬೇಡ ಅಂದೆ. ಮತ್ತೆ ಹೇಳಿದಳು. ಹೊಟ್ಟೆ ತಿರುಚುತ್ತಿತ್ತು. ಹೋಗಿ ಮಲಗಿದೆ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಏಳಬೇಕು ಅಂತ ಎರಡು ಸಲ ಅಂದುಕೊಂಡೆ, ಏಳಲಿಲ್ಲ. ಆಮೇಲೆ ನಿದ್ದೆ ಬಂದುಬಿಟ್ಟಿತು.