ಈಗಷ್ಟೇ ಎಂದ ದೊಡ್ಡಕ್ಕ

ಆ ವಾರ್ಡಿನ ಹಿರಿಯ ನರ್ಸು ಎಲ್ಲರಿಗೂ ದೊಡ್ಡಕ್ಕ. ಕೆಲಸದಲ್ಲಿ ಎತ್ತಿದ ಕೈ. ಜಂಬವೂ ಅದಕ್ಕೆ ತಕ್ಕಷ್ಟೇ. ರೋಗಿಯ ಸ್ಥಿತಿ ಹದಗೆಡುತ್ತಿದೆ ಅನಿಸಿದೊಡನೆ ಫೋನ್ ಮಾಡಿದರೆ ಐಸಿಯುವಿನಿಂದ ಡಾಕ್ಟರು, ನರ್ಸು ಓಡಿಬರುವ ತುರ್ತು ತಂಡವೊಂದನ್ನು ಆಸ್ಪತ್ರೆ ಕಟ್ಟಿದಾಗ ಅವಳು ನಕ್ಕಿದ್ದಳು. "ನನ್ನ ವಾರ್ಡಿಗೆ ಫೈರ್ ಇಂಜಿನ್ ಬೇಡಮ್ಮ!"

ಆದರೂ ಒಮ್ಮೆ ಕರೆದಳು. ರೋಗಿಗೆ ಏನೂ ಆಗಿರಲಿಲ್ಲ. "ಇಷ್ಟಕ್ಕೆಲ್ಲ ಕರೀತಾರಾ, ಸಿಸ್ಟರ್?" ಎಂದು ತಂಡದ ಡಾಕ್ಟರು ಎಲ್ಲರೆದುರು ಅಂದದ್ದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು.

ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದ ದರ್ಜಿಯೊಬ್ಬನಿಗೆ ಒಂದು ಮಧ್ಯಾಹ್ನ ಮೇಲುಸಿರು ಹತ್ತಿತು. ಕೈ ತಣ್ಣಗಾಗಿತ್ತು, ಬಿಪಿ ಇಳಿದಿತ್ತು.

"ಅಕ್ಕಾ, ಇವರು ಯಾಕೋ ಇವರ ಹಾಗಿಲ್ಲ," ಎಂದಳು ಅವನ ಹೆಂಡತಿ.

"ಆಪರೇಷನ್ ಆದ್ಮೇಲೆ ಇದೆಲ್ಲ ಇದ್ದದ್ದೇ ಕಣಮ್ಮ. ನಾನಿದ್ದೀನಲ್ಲ."

ದೊಡ್ಡಕ್ಕನ ಕೈ ಫೋನಿನ ತನಕ ಹೋಯಿತು. ಮತ್ತೆ ಆ ಡಾಕ್ಟರ ಬಾಯಲ್ಲಿ ಅನ್ನಿಸಿಕೊಳ್ಳಬೇಕಲ್ಲ ಎಂದು ಹಿಂದೆ ಬಂತು. ಆಕ್ಸಿಜನ್ ಏರಿಸಿ, ಡ್ರಿಪ್ ಜೋರು ಮಾಡಿ, ನೋಡೋಣ ಎಂದು ಕಾದಳು. ಬಿಪಿ ಇನ್ನೂ ಇಳಿಯಿತು; ಅವಳು ಇನ್ನೂ ಕಾದಳು. ಮನೆಯವರೂ ಕರೆಯಬಹುದು ಎಂದು ಗೋಡೆಗೆ ಅಂಟಿಸಿದ್ದ ನಂಬರಿಗೆ ಕೊನೆಗೆ ಫೋನ್ ಮಾಡಿದವಳು ಆ ಹೆಂಡತಿಯೇ.

ತಂಡ ಓಡಿಬಂತು. ಬಂದವರು ಅದೇ ಡಾಕ್ಟರು. ಹೊಟ್ಟೆ ಮುಟ್ಟಿ ನೋಡಿದ ಅವರಿಗೆ ಒಳಗೆ ರಕ್ತ ಸೋರುತ್ತಿರುವ ಗುಮಾನಿ ಬಂತು. "ಯಾವಾಗಿನಿಂದ ಹೀಗಿದ್ದಾರೆ, ಸಿಸ್ಟರ್?"

"ಈಗಷ್ಟೇ." ಸುಳ್ಳು ಬಾಯಿಂದ ಜಾರಿಬಿಟ್ಟಿತು.

ಹೆಂಡತಿ ದೊಡ್ಡಕ್ಕನ ಮುಖ ದಿಟ್ಟಿಸಿದಳು. ಗಂಡನ ಸ್ಟ್ರೆಚರಿನ ಹಿಂದೆ ಓಡಿದಳು.

ಮತ್ತೆ ಆಪರೇಷನ್ ಆಗಿ ದರ್ಜಿ ಬದುಕಿಕೊಂಡ. ಆದರೆ ತಡವಾದದ್ದರಿಂದ ಕಿಡ್ನಿಗಳಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಯಿತು. ದೊಡ್ಡಕ್ಕನಿಗೆ ಊಟ ಸೇರಲಿಲ್ಲ. ಮರುದಿನ ಡಾಕ್ಟರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದಳು. ಅವರು, "ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದುಬಿಟ್ಟರು. ಅದಕ್ಕೆ ಅವಳ ನಾಚಿಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಹೆಂಡತಿಯ ಮುಂದೆಯೂ ನಿಂತಳು. "ಸುಳ್ಳು ಹೇಳಿದೆ ಕಣಮ್ಮ. ತಪ್ಪಾಯ್ತು."

"ನನಗೆ ಆಗಲೇ ಗೊತ್ತಿತ್ತು. ನಿಮ್ಮ ಹತ್ರ ಜಗಳಕ್ಕೆ ನಿಲ್ಲಲೋ, ಇವರನ್ನ ಉಳಿಸ್ಕೊಳ್ಳಲೋ?"

ಆಮೇಲಿನ ವಾರಗಳಲ್ಲಿ ಆ ವಾರ್ಡಿನಿಂದ ತಂಡಕ್ಕೆ ಬೇಗ ಬೇಗ ಕರೆಗಳು ಹೋದವು. ಕೆಲವು ವೃಥಾ ಆದವು. ಕೆಲವು ಜೀವ ಉಳಿಸಿದವು.

ದರ್ಜಿಯ ಕಿಡ್ನಿಗಳೂ ಸುಧಾರಿಸಿದವು. ಅರ್ಧಕ್ಕರ್ಧ ಇಳಿದುಹೋಗಿದ್ದ ಅವನು ಮನೆಗೆ ಹೊರಟ ದಿನ ಕೈಮುಗಿದ. "ನಿಮ್ಮ ಉಪಕಾರ ಮರೆಯಲ್ಲ, ದೊಡ್ಡಕ್ಕಾ."

ಹೆಂಡತಿ ಅವನಿಗೆ ಏನೂ ಹೇಳಿರಲಿಲ್ಲ. ದೊಡ್ಡಕ್ಕನಿಗೆ ಮುಖ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ನಡೀರಿ, ಆಟೋ ಕಾಯ್ತಿದೆ," ಎಂದು ಹೆಂಡತಿ ಅವನ ತೋಳು ಹಿಡಿದು ನಡೆಸಿಕೊಂಡು ಹೋದಳು.