ಊರಿಗೆಲ್ಲ ಒಂದೇ ತೊಟ್ಟಿ

ಚೆನ್ನೈನ ಶೋಳಿಂಗನಲ್ಲೂರಿನ ಬಾಡಿಗೆ ಮನೆಯಲ್ಲಿ ನಾನು ಎದ್ದ ಮೊದಲ ಬೆಳಿಗ್ಗೆ ಗೇಟಿನಲ್ಲಿ ಎರಡು ಲಾರಿಗಳು ದಾರಿಗಾಗಿ ಜಗಳವಾಡುತ್ತಿದ್ದವು. ಒಂದು ನಮಗೆ ನೀರು ತಂದಿತ್ತು. ಇನ್ನೊಂದು ನಮ್ಮ ಮಲವನ್ನು ಹೊತ್ತೊಯ್ಯಲು ಬಂದಿತ್ತು. ಎರಡರ ಪೈಪುಗಳೂ ಒಂದೇ ಅಂಗಳದಲ್ಲಿ ಮೈಗೆ ಮೈ ತಾಗಿಸಿ ಬಿದ್ದಿದ್ದವು. ಗಾಜಿನ ಕಚೇರಿಗಳು ಎದ್ದು ನಿಂತಿರುವ ನಮ್ಮ ಬೀದಿಗೆ ಒಳಚರಂಡಿ ಇನ್ನೂ ಬಂದಿರಲಿಲ್ಲ.

ಮನೆಯೊಡತಿ ವಾಸಂತಿಯಮ್ಮ ಕುಂದಾಪುರದ ಕಡೆಯವರು. ಕುಟುಂಬ ಎರಡು ತಲೆಮಾರಿನಿಂದ ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದೆ. ಮನೆ ಕೊಡುವ ಮುನ್ನ ಅವರು ನನ್ನ ಸಂಬಳ ಕೇಳಲಿಲ್ಲ, ನಾನು ‘ಯಾವ ಜನ’ ಎಂದು ಕೇಳಿದರು, ಅದೂ ಅಚ್ಚ ಕನ್ನಡದಲ್ಲಿ. ಪರವೂರಿನಲ್ಲಿ ತಾಯಿನುಡಿ ಕಿವಿಗೆ ಬಿದ್ದ ಸಂತೋಷವೂ ಹೇಸಿಕೆಯೂ ಒಂದೇ ಮಾತಿನಲ್ಲಿ ಬಂದವು. ಮಲದ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದಾಗ ಅವರು ನಕ್ಕರು.

“ಅದೆಲ್ಲ ನಮಗೆಂತಕ್ಕೆ ಮಾರಾಯ್ತಿ? ಇಲ್ಲಿಂದ ಹೋದ್ರೆ ಸಾಕಲ್ಲ.”

ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ನಾಲೆಯ ನೀರು ಎತ್ತಲಿಂದ ಬಂದು ಯಾರ ಗದ್ದೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ಕೇಳುವುದೇ ಅಸಭ್ಯತೆ. ಆದರೆ ಹಾಗೆ ಕೇಳುವುದೇ ನನ್ನ ಉದ್ಯೋಗ. ಗ್ರಾಮೀಣ ವಸತಿ ಯೋಜನೆಗಳನ್ನು ರೂಪಿಸುವ ಸಂಸ್ಥೆಯೊಂದಕ್ಕಾಗಿ, ಚೆಂಗಲ್ಪಟ್ಟಿನ ಕಡೆಯ ಒಂದು ಹಳ್ಳಿಗೆ ಹೊಸ ಮನೆಗಳು, ಎಲ್ಲರಿಗೂ ಸೇರಿ ಒಂದು ನೀರಿನ ಟ್ಯಾಂಕು, ಒಂದು ದೊಡ್ಡ ಸೆಪ್ಟಿಕ್ ತೊಟ್ಟಿ, ಇಷ್ಟರ ನಕ್ಷೆ ಬರೆಯಬೇಕಿತ್ತು. ಅಲ್ಲಿ ನೆಲದಡಿಯ ನೀರು ಬಹಳ ಮೇಲೆಯೇ ಸಿಗುತ್ತದೆ. ಮನೆಗೊಂದು ಗುಂಡಿ ತೋಡಿದರೆ ಮಲ ನೇರವಾಗಿ ಕೊಳವೆಬಾವಿಗೆ ಇಳಿಯುತ್ತದೆ. ಹಂಚಿಕೊಂಡ ತೊಟ್ಟಿಯೊಂದೇ ದಾರಿ.

ಮೊದಲ ಸಭೆಯಲ್ಲಿ ನನ್ನ ಹರಕು ತಮಿಳಿನಲ್ಲಿ, “ಊರುಕ್ಕೆಲ್ಲಾಂ ಒರೇ ತಣ್ಣಿ, ಒರೇ ತೊಟ್ಟಿ” ಎಂದೆ. ಊರಿಗೆಲ್ಲ ಒಂದೇ ನೀರು, ಒಂದೇ ತೊಟ್ಟಿ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಹೆಂಗಸರು ತಟ್ಟಲಿಲ್ಲ. ಸಂಕೋಚವಿರಬೇಕು ಎಂದುಕೊಂಡೆ.

ನನ್ನ ಕನ್ನಡದ ‘ಊರು’ ಇಡೀ ಹಳ್ಳಿ. ಅವರ ‘ಊರ್’ ದೇವಸ್ಥಾನದ ಸುತ್ತಲ ಬೀದಿಗಳು ಮಾತ್ರ. ರಸ್ತೆಯಾಚೆ ದಲಿತರು ವಾಸಿಸುವ ಭಾಗಕ್ಕೆ ‘ಕಾಲನಿ’ ಎಂಬ ಬೇರೆಯೇ ಹೆಸರು. ನಾನು ಎಲ್ಲರಿಗೂ ಎಂದು ಆಡಿದ ಮಾತು ಅಲ್ಲಿ ಅರ್ಧ ಜನರನ್ನು ಹೊರಗಿಟ್ಟಿತ್ತು. ಎರಡನೆಯ ಸಭೆಯ ಹೊತ್ತಿಗೆ ನನ್ನ ನಕ್ಷೆ ತಿದ್ದಲ್ಪಟ್ಟಿತ್ತು: ನೀರಿನ ಟ್ಯಾಂಕು ದೇವಸ್ಥಾನದ ಬಳಿ, ಸೆಪ್ಟಿಕ್ ತೊಟ್ಟಿ ಕಾಲನಿಯ ಸೆಲ್ವಿ ಎಂಬಾಕೆಯ ಹೊಸ್ತಿಲಿನ ಎದುರು. ನೆಲದ ಇಳಿಜಾರು ಹಾಗಿದೆ ಎಂದು ನಮ್ಮ ಇಂಜಿನಿಯರ್ ಹೇಳಿದರು. ಅದು ಸುಳ್ಳು. ಇಳಿಜಾರು ಇದ್ದದ್ದು ಹೊಲಗಳ ಕಡೆಗೆ, ಅಳೆದವಳು ನಾನೇ.

ಸೆಲ್ವಿ ಕಟ್ಟಡದ ಕೆಲಸಕ್ಕೆ ಹೋಗುವವಳು. ಇಪ್ಪತ್ತರ ಮಗಳಿಗೆ ಈ ಹೊಸ ಮನೆಯಲ್ಲೇ ಮದುವೆ ಮಾಡಬೇಕೆಂದು ಕಾದಿದ್ದಳು. ಆ ಸಭೆಯಲ್ಲಿ ಸೆಲ್ವಿ ಹಿಂದಿನಿಂದಲೇ ಕೇಳಿದಳು:

“ತಣ್ಣಿ ಅವಂಗಳುಕ್ಕು, ಪೀ ಎಂಗಳುಕ್ಕಾ?” ನೀರು ಅವರಿಗೆ, ಹೇಲು ನಮಗಾ?

ಯಾರೂ ಅವಳತ್ತ ತಿರುಗಲಿಲ್ಲ. ನಾನು ಎದ್ದು, ಇದು ಜಾತಿಭೇದ, ಇದು ಅಪರಾಧ, ಈ ನಕ್ಷೆಗೆ ನಾನು ಹೆಸರು ಹಾಕುವುದಿಲ್ಲ ಎಂದೆ. ಊರಿನ ಹಿರಿಯರೊಬ್ಬರು ಸಿಟ್ಟಾಗಲಿಲ್ಲ, ತಂಗಿಗೆ ಬುದ್ಧಿ ಹೇಳುವ ದನಿಯಲ್ಲಿ, “ಊರ್ ವೇರೆ, ಕಾಲನಿ ವೇರೆಮ್ಮಾ. ನೀಂಗ ವೆಳಿಯೂರು, ಉಂಗಳುಕ್ಕು ತೆರಿಯಾದು” ಎಂದರು. ಊರು ಬೇರೆ, ಕಾಲನಿ ಬೇರೆ. ನೀವು ಹೊರಗಿನವರು, ನಿಮಗೆ ತಿಳಿಯದು. ಮಾತು ಅಲ್ಲಿಗೇ ಮುಗಿಯಿತು.

ಆದರೆ ಕಾಲನಿಯ ಹೆಂಗಸರು ಒಪ್ಪಿಗೆ ಕೊಡಲಿಲ್ಲ. ಯೋಜನೆಯ ನಿಯಮದಂತೆ ಅವರ ಒಪ್ಪಿಗೆಯಿಲ್ಲದೆ ಕೆಲಸ ಆರಂಭವಾಗುವಂತಿರಲಿಲ್ಲ. ನಾನು ತೊಟ್ಟಿಯನ್ನು ಹೊಲಗಳ ಕಡೆಗೆ, ಎರಡೂ ಭಾಗಗಳಿಂದ ದೂರಕ್ಕೆ ಸರಿಸಿ ಹೊಸ ನಕ್ಷೆ ಬರೆದೆ. ಗೆದ್ದೆವೆಂದುಕೊಂಡೆ. ಆಗ ಊರಿನ ಬೀದಿಗಳವರು ತಮ್ಮ ಕೊಳವೆಯನ್ನು ಕಾಲನಿಯ ಕೊಳವೆಗೆ ಜೋಡಿಸಲು ಬಿಡುವುದಿಲ್ಲವೆಂದರು. ತಮ್ಮ ಮಲ ಅವರ ಮಲದ ಜೊತೆ ಬೆರೆಯಬಾರದಂತೆ. ಅದಕ್ಕಿಂತ ಮನೆಗೊಂದು ಗುಂಡಿ ತೋಡಿಕೊಂಡು, ತಮ್ಮದೇ ಕುಡಿಯುವ ನೀರಿಗೆ ತಮ್ಮದೇ ಹೊಲಸನ್ನು ಇಳಿಸಿಕೊಳ್ಳುವುದು ಅವರಿಗೆ ಶುದ್ಧವಾಗಿ ಕಂಡಿತು. ಸಂಸ್ಥೆ ಒಪ್ಪಿ, ತೊಟ್ಟಿಯನ್ನೇ ಕೈಬಿಟ್ಟು, ಕಾಲನಿಗೂ ಮನೆಗೊಂದು ಗುಂಡಿಯೆಂದಿತು. ವಿದ್ಯಾವಂತರ ಸಂಸ್ಥೆ ಅದು.

ಸೆಲ್ವಿಗೆ ಸುದ್ದಿ ಹೇಳಲು ಹೋದಾಗ ಅವಳು ಟೀ ಕೊಟ್ಟಳು. ತನ್ನ ಬಾಗಿಲಿಗೆ ತೊಟ್ಟಿ ಬರುವುದಿಲ್ಲವಲ್ಲ, ಅಷ್ಟು ಸಾಕು, ಮಗಳ ಮದುವೆಗೆ ಬರಬೇಕು ಎಂದಳು. ಕೊಳವೆಬಾವಿಯ ನೀರು ಕಾಯಿಸದೆ ಕುಡಿಯಬೇಡಿ ಎಂದಷ್ಟೇ ನಾನು ಹೇಳಬಲ್ಲವಳಾಗಿದ್ದೆ. ದಿನವೂ ಕಾಯಿಸಲು ಗ್ಯಾಸು ಯಾರು ಕೊಡುತ್ತಾರೆ ಎಂದು ನಕ್ಕಳು.

ಆ ಭಾನುವಾರ ನಮ್ಮ ಹಳ್ಳಿಯಿಂದ ನನ್ನ ತಮ್ಮ ಫೋನು ಮಾಡಿದ. ಎಲ್ಲವನ್ನೂ ಹೇಳಿಕೊಂಡೆ. ಅವನಿಗೆ ನಿಜಕ್ಕೂ ಕನಿಕರವಾಯಿತು.

“ಆ ಕೆಲ್ಸ ಬುಟ್ಟು ಬಂದ್ಬುಡಕ್ಕ. ನಮ್ಮೂರಲ್ಲಿ ಅಂಥ ತಕರಾರೇ ಇಲ್ಲ ಕಣಕ್ಕ. ಅವ್ರ ಬಡಾವಣೆನೇ ಆಚೆಗೈತೆ. ಅವ್ರ ಗುಂಡಿ ಅವ್ರಿಗೆ, ನಮ್ ಗುಂಡಿ ನಮ್ಗೆ.”

ಆ ಹಳ್ಳಿಯವರು ನನ್ನನ್ನು ಹೊರಗಿನವಳೆಂದು ಬಾಯಿ ಮುಚ್ಚಿಸಿದ್ದರು. ತಮ್ಮ ಇದನ್ನು ಹೇಳಿದ್ದು, ನಾನು ಒಳಗಿನವಳೆಂಬ ಪ್ರೀತಿಯಿಂದ. ಎರಡರಲ್ಲಿ ಎರಡನೆಯದೇ ಹೆಚ್ಚು ಹೇಸಿಕೆ ತಂದಿತು.